ಮಾಲ್ಕಮ್ ಲಾಕ್‌ಹೀಡ್

ಮಾಲ್ಕಮ್ ಲಾಕ್‌ಹೀಡ್ ಅಮೆರಿಕ ಸಂಯುಕ್ತ ಸಂಸ್ಥಾನದ ಯಂತ್ರತಜ್ಞ, ವಿಮಾನ ನಿರ್ಮಾಣದ ಆರಂಭಿಕ ಪ್ರವರ್ತಕರಲ್ಲೊಬ್ಬರು ಹಾಗೂ ಮೋಟಾರು ವಾಹನಗಳ ನಾಲ್ಕೂ ಚಕ್ರಗಳಿಗೆ ದ್ರವಚಾಲಿತ ಬ್ರೇಕ್ ಅಳವಡಿಸುವ ವ್ಯವಸ್ಥೆಯನ್ನು ರೂಪಿಸಿದ ಆವಿಷ್ಕಾರಕ. ಇವರ ಕಿರಿಯ ಸಹೋದರ ಅಲನ್ ಲಾಕ್‌ಹೀಡ್ ವಿಮಾನ ತಯಾರಿಕೆಯಲ್ಲಿ ಹೆಸರಾದವರು. ಇಂದು ಲಾಕ್‌ಹೀಡ್ ಎಂಬ ಹೆಸರು ವಿಮಾನಗಳನ್ನೇ ನೆನಪಿಗೆ ತರುತ್ತದೆಯಾದರೂ ಆ ಹೆಸರು ಮಾರುಕಟ್ಟೆಯಲ್ಲಿ ಮೊದಲು ಪ್ರಸಿದ್ಧವಾದುದು ಮಾಲ್ಕಮ್ ಅವರ ಬ್ರೇಕ್‌ಗಳ ಮೂಲಕ. ಬ್ರೇಕ್ ಪೆಡಲ್ ಒತ್ತಿದಾಗ ಕೊಳವೆಗಳಲ್ಲಿನ ದ್ರವವು ಆ ಒತ್ತಡವನ್ನು ಚಕ್ರಗಳಿಗೆ ತಲುಪಿಸುವ ಅವರ ವಿಧಾನವು ಇಂದಿಗೂ ಕಾರುಗಳ ಬ್ರೇಕ್ ವ್ಯವಸ್ಥೆಯ ತಳಹದಿಯಾಗಿದೆ. ಆ ವಿಧಾನದ ಮೂಲ ದೌರ್ಬಲ್ಯಗಳಾದ ದ್ರವದ ಸೋರಿಕೆ ಮತ್ತು ಒಳಸೇರುವ ಗಾಳಿ ಸಹ ಇಂದಿನವರೆಗೂ ಉಳಿದುಬಂದಿವೆ.

ಹೆಸರು

ಕುಟುಂಬದ ಮೂಲ ಹೆಸರಿನ ಉಚ್ಚಾರಣೆ ಲಾಕ್‌ಹೀಡ್ ಎಂದೇ ಇದ್ದರೂ ಅದರ ಇಂಗ್ಲಿಷ್ ಕಾಗುಣಿತವು ಉಚ್ಚಾರಣೆಗೆ ಹೊಂದುತ್ತಿರಲಿಲ್ಲ. ಓದುವವರು ಅದನ್ನು ಲಾಗ್‌ಹೆಡ್ ಎಂದು ತಪ್ಪಾಗಿ ಉಚ್ಚರಿಸುತ್ತಿದ್ದರು. ಈ ಗೊಂದಲವನ್ನು ತಪ್ಪಿಸಲು ಮಾಲ್ಕಮ್ ತಮ್ಮ ಬ್ರೇಕ್ ಸಂಸ್ಥೆಗೆ ಉಚ್ಚಾರಣೆಯನ್ನು ಅನುಸರಿಸುವ ಹೊಸ ಕಾಗುಣಿತವನ್ನು ಬಳಸಿದರು. 1926ರಲ್ಲಿ ಅಲನ್ ಹೊಸ ವಿಮಾನ ಸಂಸ್ಥೆಯನ್ನು ಆರಂಭಿಸಿದಾಗ ಅದೇ ಕಾಗುಣಿತವನ್ನು ಆರಿಸಿಕೊಂಡರು. ಅಷ್ಟರಲ್ಲಿ ಬ್ರೇಕ್‌ಗಳಿಂದಾಗಿ ಆ ಹೆಸರು ಜನರಿಗೆ ಪರಿಚಿತವಾಗಿತ್ತು. 1934ರಲ್ಲಿ ಅಲನ್ ತಮ್ಮ ಹೆಸರನ್ನು ಕಾನೂನುಬದ್ಧವಾಗಿಯೂ ಹಾಗೆಯೇ ಬದಲಿಸಿಕೊಂಡರು.

ಆರಂಭಿಕ ಜೀವನ

ಮಾಲ್ಕಮ್ ಜನಿಸಿದ್ದು 1880ರ ದಶಕದಲ್ಲಿ, ಕ್ಯಾಲಿಫೋರ್ನಿಯ ರಾಜ್ಯದಲ್ಲಿ. ತಂದೆ ಜಾನ್. ತಾಯಿ ಫ್ಲೋರಾ ಹೇನ್ಸ್ ಕಾದಂಬರಿಗಾರ್ತಿ ಹಾಗೂ ಪತ್ರಕರ್ತೆಯಾಗಿದ್ದರು. ತಂದೆತಾಯಿ ಬೇರೆಯಾದ ನಂತರ ಮಕ್ಕಳು ತಾಯಿಯ ಆಶ್ರಯದಲ್ಲಿ ಬೆಳೆದರು. ಕುಟುಂಬವು ಕೆಲಕಾಲ ಸಾಂತಾ ಬಾರ್ಬರಾ ನಗರದಲ್ಲಿಯೂ ಆನಂತರ ಸಾಂತಾ ಕ್ರೂಜ್ ಬೆಟ್ಟಗಳ ಆಲ್ಮಾ ಎಂಬಲ್ಲಿನ ಹಣ್ಣಿನ ತೋಟದಲ್ಲಿಯೂ ನೆಲೆಸಿತ್ತು. ಮಕ್ಕಳಿಗೆ ಕ್ರಮಬದ್ಧ ಶಾಲಾ ಶಿಕ್ಷಣ ದೊರೆತದ್ದು ಕಡಿಮೆ. ತಾಯಿಯೇ ಮನೆಯಲ್ಲಿ ಪಾಠ ಹೇಳುತ್ತಿದ್ದರು.

ಮಲಸಹೋದರ ವಿಕ್ಟರ್ ಮೋಟಾರು ವಾಹನಗಳ ಎಂಜಿನಿಯರ್ ಆಗಿದ್ದರು ಮತ್ತು ವಿಮಾನಗಳ ಕುರಿತು ಪುಸ್ತಕ ಬರೆದಿದ್ದರು. ಕಿರಿಯ ಸಹೋದರರಿಬ್ಬರಿಗೂ ಯಂತ್ರಗಳ ಮೇಲಿನ ಆಸಕ್ತಿ ಕುಟುಂಬದಲ್ಲಿಯೇ ಮೂಡಿತು. ಮಾಲ್ಕಮ್ 1904ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ವೈಟ್ ಎಂಬ ಉಗಿಚಾಲಿತ ಕಾರುಗಳ ಮೆಕ್ಯಾನಿಕ್ ಆಗಿ ಕೆಲಸಕ್ಕೆ ಸೇರಿದರು. ಅಲನ್ ಸಹ ಕೆಲಕಾಲದ ನಂತರ ಅದೇ ನಗರದಲ್ಲಿ ಮೆಕ್ಯಾನಿಕ್ ವೃತ್ತಿಯನ್ನು ಹಿಡಿದರು.

ವಿಮಾನ ನಿರ್ಮಾಣ

ಸಹೋದರರು 1912ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಟ್ಯಾಕ್ಸಿ ಸಂಸ್ಥೆಯೊಂದರ ಮಾಲೀಕ ಮ್ಯಾಕ್ಸ್ ಮಾಮ್ಲಾಕ್ ಮೊದಲಾದವರ ಬಂಡವಾಳದ ನೆರವಿನಿಂದ ಆಲ್ಕೊ ಹೈಡ್ರೊ-ಏರೊಪ್ಲೇನ್ ಎಂಬ ಸಂಸ್ಥೆಯನ್ನು ಕಟ್ಟಿದರು. ಅವರ ಮೊದಲ ವಿಮಾನ ಮಾಡೆಲ್ ಜಿ. ಇದು ನೀರಿನ ಮೇಲಿಂದ ಏರಿ ನೀರಿನ ಮೇಲೆಯೇ ಇಳಿಯುವ, ಮೂವರು ಕುಳಿತುಕೊಳ್ಳಬಹುದಾದ ಎರಡು ಪದರದ ರೆಕ್ಕೆಯ ವಿಮಾನ. 1913ರ ಜೂನ್ 15ರಂದು ಅಲನ್ ಇದನ್ನು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ಹಾರಿಸಿದರು. ಅದೇ ದಿನ ಮಾಲ್ಕಮ್ ಪ್ರಯಾಣಿಕರಾಗಿ ಅದರಲ್ಲಿ ಹಾರಿದರು.

ವಿಮಾನದ ವ್ಯವಹಾರ ನಿರೀಕ್ಷೆಯಂತೆ ಸಾಗದಿದ್ದಾಗ ಸಹೋದರರು ಕ್ಯಾಲಿಫೋರ್ನಿಯದ ಚಿನ್ನದ ಸೀಮೆಯಲ್ಲಿ ಅದಿರು ಹುಡುಕುವ ಕೆಲಸಕ್ಕೂ ಇಳಿದಿದ್ದರು. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ಪನಾಮಾ-ಪೆಸಿಫಿಕ್ ಅಂತರರಾಷ್ಟ್ರೀಯ ವಸ್ತುಪ್ರದರ್ಶನವು ಅವರಿಗೆ ಎರಡನೆಯ ಅವಕಾಶ ನೀಡಿತು. ತಲಾ 10 ಡಾಲರ್ ಶುಲ್ಕ ಪಡೆದು ಸುಮಾರು 600 ಮಂದಿ ಸಂದರ್ಶಕರನ್ನು ಮಾಡೆಲ್ ಜಿ ವಿಮಾನದಲ್ಲಿ ಹಾರಿಸಲಾಯಿತು.

ಈ ಯಶಸ್ಸಿನ ಬಲದಿಂದ 1916ರಲ್ಲಿ ಸಾಂತಾ ಬಾರ್ಬರಾದಲ್ಲಿ ಸಹೋದರರ ಹೊಸ ವಿಮಾನ ಸಂಸ್ಥೆ ಆರಂಭವಾಯಿತು. ಮುಂದೆ ಪ್ರಸಿದ್ಧ ವಿಮಾನ ವಿನ್ಯಾಸಕಾರರಾದ ಜಾಕ್ ನಾರ್ತ್ರಪ್ ಯುವಕರಾಗಿದ್ದಾಗ ಇಲ್ಲಿಯೇ ವೃತ್ತಿಯನ್ನು ಆರಂಭಿಸಿದರು. ಎರಡು ಎಂಜಿನ್‌ಗಳ, ಹತ್ತು ಆಸನಗಳ ಎಫ್-1 ಎಂಬ ಹಾರುದೋಣಿಯು 1918ರಲ್ಲಿ ಸಿದ್ಧವಾಯಿತು. ಆದರೆ ಮೊದಲ ಮಹಾಯುದ್ಧ ಮುಗಿದ ಮೇಲೆ ಸೇನೆಯ ಹೆಚ್ಚುವರಿ ವಿಮಾನಗಳು ಅತ್ಯಲ್ಪ ಬೆಲೆಗೆ ಮಾರಾಟಕ್ಕೆ ಬಂದವು. ಹೊಸ ವಿಮಾನಗಳಿಗೆ ಗ್ರಾಹಕರು ದೊರೆಯದೆ 1921ರಲ್ಲಿ ಸಂಸ್ಥೆ ಮುಚ್ಚಿತು. ಮಾಲ್ಕಮ್ ಅದಕ್ಕಿಂತ ಮೊದಲೇ, 1919ರಲ್ಲಿ, ವಿಮಾನೋದ್ಯಮವನ್ನು ತೊರೆದು ಡೆಟ್ರಾಯಿಟ್ ನಗರಕ್ಕೆ ತೆರಳಿದ್ದರು.

ದ್ರವಚಾಲಿತ ಬ್ರೇಕ್

ಇಪ್ಪತ್ತನೆಯ ಶತಮಾನದ ಆರಂಭದ ಕಾರುಗಳಲ್ಲಿ ಬ್ರೇಕ್ ಇದ್ದುದು ಸಾಮಾನ್ಯವಾಗಿ ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ಪೆಡಲಿನ ಬಲವನ್ನು ಉಕ್ಕಿನ ಸರಳುಗಳು ಅಥವಾ ತಂತಿಗಳು ಚಕ್ರಗಳಿಗೆ ಒಯ್ಯುತ್ತಿದ್ದವು. ವಾಹನ ನಿಲ್ಲುವಾಗ ಭಾರವು ಮುಂದಕ್ಕೆ ವಾಲುವುದರಿಂದ ಮುಂದಿನ ಚಕ್ರಗಳಿಗೂ ಬ್ರೇಕ್ ಇರುವುದು ಹೆಚ್ಚು ಪರಿಣಾಮಕಾರಿ. ಆದರೆ ಮುಂದಿನ ಚಕ್ರಗಳು ತಿರುಗುತ್ತವೆ, ಏಳುತ್ತ ಬೀಳುತ್ತ ಸಾಗುತ್ತವೆ. ಸರಳುಗಳ ಉದ್ದದಲ್ಲಿ ಸ್ವಲ್ಪವೇ ವ್ಯತ್ಯಾಸವಾದರೂ ಒಂದು ಚಕ್ರ ಹೆಚ್ಚು, ಮತ್ತೊಂದು ಕಡಿಮೆ ಬಿಗಿದು ವಾಹನವು ಪಕ್ಕಕ್ಕೆ ಎಳೆಯುತ್ತಿತ್ತು. ಆದುದರಿಂದ ನಾಲ್ಕು ಚಕ್ರಗಳ ಬ್ರೇಕ್ ಅಪಾಯಕಾರಿ ಎಂಬ ಅಭಿಪ್ರಾಯವೂ ಪ್ರಚಲಿತವಾಗಿತ್ತು.

ಮುಚ್ಚಿದ ಪಾತ್ರೆಯಲ್ಲಿನ ದ್ರವದ ಮೇಲೆ ಹೇರಿದ ಒತ್ತಡವು ಎಲ್ಲ ದಿಕ್ಕುಗಳಿಗೂ ಸಮನಾಗಿ ಹರಡುತ್ತದೆ ಎಂಬ ನಿಯಮವನ್ನು ಹದಿನೇಳನೆಯ ಶತಮಾನದಲ್ಲಿಯೇ ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ ನಿರೂಪಿಸಿದ್ದರು. ಮಾಲ್ಕಮ್ ಇದನ್ನೇ ಕಾರಿಗೆ ಅನ್ವಯಿಸಿದರು. ಪೆಡಲು ಒಂದು ಮುಖ್ಯ ಸಿಲಿಂಡರಿನ ಕೊಂತವನ್ನು ತಳ್ಳುತ್ತದೆ. ಅಲ್ಲಿಂದ ಹೊರಟ ಕೊಳವೆಗಳು ಪ್ರತಿ ಚಕ್ರದ ಸಣ್ಣ ಸಿಲಿಂಡರನ್ನು ತಲುಪುತ್ತವೆ. ಚಕ್ರ ಎತ್ತ ತಿರುಗಿದರೂ ಬಾಗುವ ಕೊಳವೆಯು ದ್ರವವನ್ನು ಒಯ್ಯುತ್ತದೆ. ಒತ್ತಡವು ನಾಲ್ಕೂ ಕಡೆ ಸಮನಾಗಿರುವುದರಿಂದ ಸರಳುಗಳನ್ನು ಹೊಂದಿಸುವ ತೊಡಕು ಉಳಿಯುವುದಿಲ್ಲ. 1917ರಲ್ಲಿ ಅವರ ಬ್ರೇಕ್ ವಿನ್ಯಾಸಕ್ಕೆ ಪೇಟೆಂಟ್ ದೊರೆಯಿತು. ಇದನ್ನು ತಯಾರಿಸಲು ಡೆಟ್ರಾಯಿಟ್‌ನಲ್ಲಿ ಲಾಕ್‌ಹೀಡ್ ಹೈಡ್ರಾಲಿಕ್ ಬ್ರೇಕ್ ಕಂಪನಿಯು ಸ್ಥಾಪನೆಯಾಯಿತು.

ಡ್ಯೂಸೆನ್‌ಬರ್ಗ್ ಕಾರು

ನಾಲ್ಕೂ ಚಕ್ರಗಳಿಗೆ ದ್ರವಚಾಲಿತ ಬ್ರೇಕ್ ಹೊಂದಿ ಮಾರಾಟಕ್ಕೆ ಬಂದ ಮೊದಲ ಕಾರು ಡ್ಯೂಸೆನ್‌ಬರ್ಗ್ ಮಾಡೆಲ್ ಎ. ಇದರ ಉತ್ಪಾದನೆ 1921ರಲ್ಲಿ ಆರಂಭವಾಯಿತು. ಅದೇ ವರ್ಷ ಲೆ ಮಾನ್ಸ್‌ನಲ್ಲಿ ನಡೆದ ಫ್ರೆಂಚ್ ಗ್ರಾಂಡ್ ಪ್ರಿ ಸ್ಪರ್ಧೆಯಲ್ಲಿ ಜಿಮ್ಮಿ ಮರ್ಫಿ ಓಡಿಸಿದ ಡ್ಯೂಸೆನ್‌ಬರ್ಗ್ ಕಾರು ಜಯಗಳಿಸಿತು. ಆ ಕಾರಿನ ನಾಲ್ಕೂ ಚಕ್ರಗಳಿಗೆ ದ್ರವಚಾಲಿತ ಬ್ರೇಕ್ ಇತ್ತು. ತಿರುವಿನ ಸಮೀಪದವರೆಗೂ ವೇಗವನ್ನು ಉಳಿಸಿಕೊಂಡು ಕೊನೆಯ ಕ್ಷಣದಲ್ಲಿ ನಿಧಾನಿಸುವ ಸಾಮರ್ಥ್ಯವು ಆ ಗೆಲುವಿಗೆ ನೆರವಾಯಿತು. ಆದರೆ ಡ್ಯೂಸೆನ್‌ಬರ್ಗ್ ದುಬಾರಿ ಕಾರಾಗಿದ್ದುದರಿಂದ ಹೊಸ ಬ್ರೇಕ್ ಸಾಮಾನ್ಯ ಗ್ರಾಹಕರನ್ನು ತಲುಪಲಿಲ್ಲ.

ಸೋರಿಕೆಯ ಸಮಸ್ಯೆ ಮತ್ತು ಕ್ರೈಸ್ಲರ್

ಲಾಕ್‌ಹೀಡ್ ಬ್ರೇಕಿನ ತತ್ತ್ವ ನಿರ್ದೋಷವಾಗಿದ್ದರೂ ಅದರ ಮುದ್ರಿಕೆಗಳು, ಅಂದರೆ ಕೊಂತದ ಅಂಚಿನಿಂದ ದ್ರವ ಹೊರಬರದಂತೆ ತಡೆಯುವ ಬಟ್ಟಲಿನಾಕಾರದ ಸೀಲುಗಳು, ದುರ್ಬಲವಾಗಿದ್ದವು. ಅವುಗಳನ್ನು ಹದಮಾಡದ ಚರ್ಮದಿಂದ ತಯಾರಿಸಲಾಗುತ್ತಿತ್ತು. ಚರ್ಮವು ಒಣಗಿದಾಗ ಕುಗ್ಗುತ್ತಿತ್ತು, ಸವೆದಾಗ ದ್ರವವನ್ನು ಬಿಟ್ಟುಕೊಡುತ್ತಿತ್ತು. ದ್ರವ ಕಡಿಮೆಯಾದಷ್ಟೂ ಪೆಡಲು ಆಳಕ್ಕೆ ಇಳಿಯುತ್ತಿತ್ತು. ಸರಳುಗಳ ಬ್ರೇಕಿನಲ್ಲಿ ಒಂದು ಸರಳು ತುಂಡಾದರೂ ಮತ್ತೊಂದು ಉಳಿಯುತ್ತಿತ್ತು. ಒಂದೇ ದ್ರವಮಾರ್ಗವಿದ್ದ ಅಂದಿನ ವ್ಯವಸ್ಥೆಯಲ್ಲಿ ಒಂದು ಕಡೆಯ ಸೋರಿಕೆ ನಾಲ್ಕೂ ಚಕ್ರಗಳ ಬ್ರೇಕನ್ನು ಇಲ್ಲವಾಗಿಸಬಹುದಾಗಿತ್ತು. ಹೊಸ ಬ್ರೇಕನ್ನು ಕುರಿತ ಸಂಶಯಕ್ಕೆ ಇದೇ ಮುಖ್ಯ ಕಾರಣವಾಗಿತ್ತು.

ವಾಲ್ಟರ್ ಕ್ರೈಸ್ಲರ್ ತಮ್ಮ ಹೆಸರಿನ ಮೊದಲ ಕಾರಿಗೆ ಈ ಬ್ರೇಕನ್ನು ಆರಿಸಿದಾಗ ಅವರ ಎಂಜಿನಿಯರುಗಳಾದ ಫ್ರೆಡ್ ಜೆಡರ್, ಓವನ್ ಸ್ಕೆಲ್ಟನ್ ಮತ್ತು ಕಾರ್ಲ್ ಬ್ರೀರ್ ಈ ದೋಷವನ್ನು ಎದುರಿಸಬೇಕಾಯಿತು. ಅವರು ಚರ್ಮದ ಬದಲು ರಬ್ಬರಿನ ಬಟ್ಟಲು ಸೀಲುಗಳನ್ನು ಅಭಿವೃದ್ಧಿಪಡಿಸಿದರು. ಒತ್ತಡ ಹೆಚ್ಚಿದಂತೆ ರಬ್ಬರಿನ ಅಂಚು ಸಿಲಿಂಡರಿನ ಗೋಡೆಗೆ ಇನ್ನಷ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಈ ಸುಧಾರಣೆಗಳನ್ನು ಲಾಕ್‌ಹೀಡ್ ಸಂಸ್ಥೆಯೂ ಬಳಸುವಂತೆ ಒಪ್ಪಂದವಾಯಿತು. ಪ್ರತಿಯಾಗಿ ಕ್ರೈಸ್ಲರ್ ಸಂಸ್ಥೆಗೆ ಪರವಾನಗಿ ಶುಲ್ಕದಿಂದ ವಿನಾಯಿತಿ ದೊರೆಯಿತು. 1924ರ ಜನವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಪ್ರದರ್ಶಿತವಾದ ಕ್ರೈಸ್ಲರ್ ಸಿಕ್ಸ್ ಕಾರು ಮಧ್ಯಮ ಬೆಲೆಯದಾಗಿದ್ದರೂ ನಾಲ್ಕು ಚಕ್ರಗಳ ದ್ರವಚಾಲಿತ ಬ್ರೇಕ್ ಹೊಂದಿತ್ತು. ಮಾಲ್ಕಮ್ ಅವರ ಆವಿಷ್ಕಾರವು ಸಾವಿರಾರು ಗ್ರಾಹಕರನ್ನು ತಲುಪಿದುದು ಈ ಕಾರಿನ ಮೂಲಕ.

ನಂತರದ ವರ್ಷಗಳು ಮತ್ತು ನಿಧನ

ಮುಂದಿನ ದಶಕದಲ್ಲಿ ಇತರ ತಯಾರಕರೂ ಈ ವ್ಯವಸ್ಥೆಯನ್ನು ಒಪ್ಪಿಕೊಂಡರು. ದೀರ್ಘಕಾಲ ಸರಳುಗಳ ಬ್ರೇಕನ್ನೇ ಉಳಿಸಿಕೊಂಡಿದ್ದ ಫೋರ್ಡ್ ಸಂಸ್ಥೆಯು 1939ರ ಮಾದರಿಗಳಲ್ಲಿ ದ್ರವಚಾಲಿತ ಬ್ರೇಕನ್ನು ಅಳವಡಿಸಿತು. ಬ್ರಿಟನ್ನಿನಲ್ಲಿ ಆಟೊಮೋಟಿವ್ ಪ್ರಾಡಕ್ಟ್ಸ್ ಸಂಸ್ಥೆಯು ಪರವಾನಗಿ ಪಡೆದು ಲಾಕ್‌ಹೀಡ್ ಹೆಸರಿನ ಬ್ರೇಕ್‌ಗಳನ್ನು ತಯಾರಿಸಿತು. ಮಾಲ್ಕಮ್ ಅವರ ಸಂಸ್ಥೆಯು ಬೆಂಡಿಕ್ಸ್ ಸಂಸ್ಥೆಗೆ ಮಾರಾಟವಾಯಿತು. ಆನಂತರ ಅವರು ಉದ್ಯಮದಿಂದ ದೂರವಾಗಿ ಕ್ಯಾಲಿಫೋರ್ನಿಯಕ್ಕೆ ಮರಳಿದರು. ಅವರ ಕೊನೆಯ ದಿನಗಳು ಚಿನ್ನದ ಸೀಮೆಯ ಮೊಕೆಲಮ್ನಿ ಹಿಲ್ ಎಂಬ ಸಣ್ಣ ಊರಿನಲ್ಲಿ ಕಳೆದವು. 1958ರಲ್ಲಿ ಅವರು ನಿಧನರಾದರು.

ಮೆತ್ತನೆಯ ಪೆಡಲ್: ದೋಷದ ಪತ್ತೆ

ದ್ರವಚಾಲಿತ ಬ್ರೇಕಿನ ಪೆಡಲು ಕಾಲಿಗೆ ಗಟ್ಟಿಯಾಗಿ ತಾಗಬೇಕು. ಅದು ಸ್ಪಂಜಿನಂತೆ ಮೆತ್ತಗಾದರೆ ಅಥವಾ ಆಳಕ್ಕೆ ಇಳಿದರೆ ಕಾಲಿನ ಚಲನೆ ಚಕ್ರವನ್ನು ತಲುಪುವ ಮೊದಲೇ ಬೇರೆಡೆ ವ್ಯರ್ಥವಾಗುತ್ತಿದೆ ಎಂದರ್ಥ. ಕಾರಿಗೆ ದೊಡ್ಡ ಡಿಸ್ಕ್, ಹೊಸ ಕ್ಯಾಲಿಪರ್ ಮುಂತಾದವನ್ನು ಅಳವಡಿಸಿದ ನಂತರ ಈ ದೋಷ ವಿಶೇಷವಾಗಿ ಕಾಣಿಸಿಕೊಳ್ಳುತ್ತದೆ. ಏಕೆಂದರೆ ಆ ಕೆಲಸದಲ್ಲಿ ದ್ರವಮಾರ್ಗವನ್ನು ಬಿಚ್ಚಲೇಬೇಕಾಗುತ್ತದೆ. ದೋಷದ ಮೂಲವನ್ನು ಪೆಡಲಿನ ವರ್ತನೆಯಿಂದಲೇ ಬಹುಮಟ್ಟಿಗೆ ಗುರುತಿಸಬಹುದು.

ಪೆಡಲು ಸ್ಪಂಜಿನಂತಿದ್ದು, ಬೇಗಬೇಗನೆ ಹಲವು ಬಾರಿ ಒತ್ತಿದಾಗ ಮೇಲೇರಿ ಗಟ್ಟಿಯಾದರೆ ಕೊಳವೆಯಲ್ಲಿ ಗಾಳಿ ಸಿಲುಕಿರುವ ಸಂಭವ ಹೆಚ್ಚು. ದ್ರವವು ಬಹುತೇಕ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಉದಾಹರಣೆಗೆ ಮುಖ್ಯ ಸಿಲಿಂಡರಿನ ಒಳವ್ಯಾಸ 20 ಮಿ.ಮೀ. ಹಾಗೂ ಪೆಡಲಿನ ಸನ್ನೆ ಅನುಪಾತ 4 ಎಂದು ಭಾವಿಸಿದರೆ, ಕೇವಲ 1 ಘನ ಸೆಂ.ಮೀ. ಗಾಳಿಯನ್ನು ಕುಗ್ಗಿಸಲು ಕೊಂತವು ಸುಮಾರು 3 ಮಿ.ಮೀ., ಪೆಡಲು ಸುಮಾರು 13 ಮಿ.ಮೀ. ಹೆಚ್ಚುವರಿಯಾಗಿ ಚಲಿಸಬೇಕಾಗುತ್ತದೆ. ಗಾಳಿಯನ್ನು ಹೊರಹಾಕುವ ಬ್ಲೀಡಿಂಗ್ ಕ್ರಿಯೆಯನ್ನು ಎಷ್ಟು ಬಾರಿ ಮಾಡಿದರೂ ಫಲ ಕಾಣದಿದ್ದರೆ ಕ್ಯಾಲಿಪರ್‌ಗಳ ಸ್ಥಾನವನ್ನು ಪರೀಕ್ಷಿಸಬೇಕು. ಎಡಗಡೆಯದನ್ನು ಬಲಗಡೆಗೆ, ಬಲಗಡೆಯದನ್ನು ಎಡಗಡೆಗೆ ಜೋಡಿಸಿದ್ದರೆ ಗಾಳಿ ಬಿಡುವ ತಿರುಪು ಕೆಳಗೆ ಬರುತ್ತದೆ, ಗಾಳಿಯ ಗುಳ್ಳೆ ಮೇಲ್ಭಾಗದಲ್ಲಿಯೇ ಉಳಿಯುತ್ತದೆ. ಎಬಿಎಸ್ ಇರುವ ಕಾರುಗಳಲ್ಲಿ ಅದರ ಕವಾಟಗಳ ಒಳಗೆ ಸಿಲುಕಿದ ಗಾಳಿಯನ್ನು ಹೊರತರಲು ವಿದ್ಯುನ್ಮಾನ ಪರೀಕ್ಷಾ ಉಪಕರಣ ಬೇಕಾಗಬಹುದು.

ಒಂದೇ ಸಮನಾಗಿ ಒತ್ತಿ ಹಿಡಿದಾಗ ಪೆಡಲು ನಿಧಾನವಾಗಿ ನೆಲದತ್ತ ಇಳಿಯುತ್ತಿದ್ದರೆ ಅದು ಸೋರಿಕೆಯ ಲಕ್ಷಣ. ಹೊರಗಡೆ ತೇವವಾಗಲಿ, ಸಂಗ್ರಹಪಾತ್ರೆಯಲ್ಲಿ ದ್ರವದ ಇಳಿಕೆಯಾಗಲಿ ಕಾಣದಿದ್ದರೆ ಮುಖ್ಯ ಸಿಲಿಂಡರಿನ ಒಳಗಿನ ಸೀಲು ದ್ರವವನ್ನು ಹಿಂದಕ್ಕೆ ಬಿಡುತ್ತಿದೆ ಎಂದು ತಿಳಿಯಬೇಕು. ಹಳೆಯ ಸಿಲಿಂಡರಿನಲ್ಲಿ ಬ್ಲೀಡಿಂಗ್ ಮಾಡುವಾಗ ಪೆಡಲನ್ನು ತಳಮುಟ್ಟ ಒತ್ತಿದರೆ, ಎಂದೂ ಬಳಕೆಯಾಗದ ಒರಟು ಭಾಗಕ್ಕೆ ಸೀಲು ಉಜ್ಜಿ ಹಾನಿಗೊಳ್ಳುವುದೂ ಉಂಟು.

ಪೆಡಲು ಆಳಕ್ಕೆ ಇಳಿದರೂ ಅಲ್ಲಿ ಗಟ್ಟಿಯಾಗಿ ನಿಂತರೆ ಗಾಳಿ ಕಾರಣವಲ್ಲದಿರಬಹುದು. ಇಲ್ಲಿ ಪರಿಶೀಲಿಸಬೇಕಾದುದು ಅಳತೆಗಳ ಹೊಂದಾಣಿಕೆ. ಕ್ಯಾಲಿಪರ್ ಕೊಂತದ ವ್ಯಾಸ 48 ಮಿ.ಮೀ. ಇದ್ದುದು 57 ಮಿ.ಮೀ. ಆದರೆ ಅದರ ಕ್ಷೇತ್ರಫಲ ಸುಮಾರು 41 ಪ್ರತಿಶತ ಹೆಚ್ಚುತ್ತದೆ. ಕೊಂತವು ಅಷ್ಟೇ ದೂರ ಚಲಿಸಲು ಅಷ್ಟೇ ಪ್ರಮಾಣದಲ್ಲಿ ಹೆಚ್ಚು ದ್ರವ ಬೇಕು. ಹಳೆಯ ಮುಖ್ಯ ಸಿಲಿಂಡರನ್ನೇ ಉಳಿಸಿಕೊಂಡರೆ ಪೆಡಲು ಆ ಹೆಚ್ಚುವರಿ ದೂರವನ್ನು ಸಾಗಲೇಬೇಕು. ದೊಡ್ಡ ಸಿಲಿಂಡರ್ ಹಾಕಿದರೆ ಪೆಡಲಿನ ಚಲನೆ ಕಡಿಮೆಯಾಗುತ್ತದೆ, ಆದರೆ ಕಾಲಿನ ಶ್ರಮ ಹೆಚ್ಚುತ್ತದೆ. ಹಿಂದಿನ ಡ್ರಮ್ ಬ್ರೇಕಿನ ಪಟ್ಟಿಗಳು ಸಡಿಲವಾಗಿರುವುದು, ಬೇರಿಂಗ್ ಸಡಿಲಗೊಂಡು ಡಿಸ್ಕ್ ಅಲುಗಾಡುವುದು, ತಳ್ಳುಸರಳಿನ ತೆರವು ಹೆಚ್ಚಾಗಿರುವುದು ಇವೂ ಇದೇ ಲಕ್ಷಣವನ್ನು ತೋರಿಸುತ್ತವೆ. ಹೊಸ ಪ್ಯಾಡುಗಳು ಡಿಸ್ಕಿನ ಮೇಲೆ ಪೂರ್ಣವಾಗಿ ಕೂರುವವರೆಗೆ ಅಲ್ಪಸ್ವಲ್ಪ ಮೆತ್ತನೆಯ ಅನುಭವವೂ ಸಹಜ. ಹಳೆಯ ರಬ್ಬರ್ ಕೊಳವೆಗಳು ಒತ್ತಡಕ್ಕೆ ಉಬ್ಬುವುದು ಮತ್ತೊಂದು ಕಾರಣ.

ದೋಷ ಪತ್ತೆಯಾಗುವವರೆಗೆ ಅಂತಹ ವಾಹನವನ್ನು ರಸ್ತೆಗೆ ಇಳಿಸಬಾರದು. ಬ್ರೇಕ್ ದ್ರವದ ಬದಲು ಎಂಜಿನ್ ಎಣ್ಣೆ ಮುಂತಾದ ಖನಿಜ ತೈಲವನ್ನು ಸುರಿದರೆ ರಬ್ಬರ್ ಸೀಲುಗಳು ಉಬ್ಬಿ ಇಡೀ ವ್ಯವಸ್ಥೆಯೇ ಕೆಡುತ್ತದೆ.

ಕರ್ನಾಟಕದ ರಸ್ತೆಗಳಲ್ಲಿ

ಲಾಕ್‌ಹೀಡ್ ರೂಪಿಸಿದ ವ್ಯವಸ್ಥೆಯು ಭಾರತಕ್ಕೆ ಬಂದುದು ಮುಖ್ಯವಾಗಿ ವಿದೇಶಿ ವಿನ್ಯಾಸದ ಕಾರುಗಳ ಮೂಲಕ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಆಧರಿಸಿದ ಅಂಬಾಸಿಡರ್ ನಾಲ್ಕೂ ಚಕ್ರಗಳಿಗೆ ದ್ರವಚಾಲಿತ ಡ್ರಮ್ ಬ್ರೇಕ್ ಹೊಂದಿತ್ತು. ಇಂದು ಕಾರುಗಳು ಮತ್ತು ಸಣ್ಣ ಸರಕು ವಾಹನಗಳು ಇದೇ ತತ್ತ್ವವನ್ನು ಅವಲಂಬಿಸಿವೆ. ಭಾರಿ ಲಾರಿ ಮತ್ತು ಬಸ್ಸುಗಳಲ್ಲಿ ಮಾತ್ರ ಸಾಮಾನ್ಯವಾಗಿ ಗಾಳಿಯ ಒತ್ತಡದಿಂದ ಕೆಲಸ ಮಾಡುವ ಬ್ರೇಕ್ ಇರುತ್ತದೆ.

ವ್ಯವಸ್ಥೆಯ ಮಿತಿಗಳು ರಸ್ತೆಯ ಸ್ವರೂಪಕ್ಕೆ ತಕ್ಕಂತೆ ವ್ಯಕ್ತವಾಗುತ್ತವೆ. ಹಾವೇರಿ ಜಿಲ್ಲೆಯನ್ನು ಇದಕ್ಕೆ ನಿದರ್ಶನವಾಗಿ ನೋಡಬಹುದು. ರಾಣೆಬೆನ್ನೂರು ಮತ್ತು ಹಾವೇರಿ ನಗರಗಳು ಪುಣೆ-ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 48ರಲ್ಲಿವೆ. ಮೆಣಸಿನಕಾಯಿ ಮಾರುಕಟ್ಟೆಗೆ ಹೆಸರಾದ ಬ್ಯಾಡಗಿಗೆ ಇದೇ ಹೆದ್ದಾರಿಯ ಮೋಟೆಬೆನ್ನೂರಿನಿಂದ ಕವಲು ದಾರಿಯಿದೆ. ಸಮತಟ್ಟಾದ ಈ ರಸ್ತೆಗಳಲ್ಲಿ ಹಳೆಯ ಬ್ರೇಕ್ ದ್ರವದ ದೋಷ ಸುಲಭವಾಗಿ ಹೊರಬೀಳುವುದಿಲ್ಲ. ಹಾವೇರಿಯಿಂದ ಶಿರಸಿ ಮಾರ್ಗವಾಗಿ ಕುಮಟಾದತ್ತ ಹೊರಟ ವಾಹನವು ದೇವಿಮನೆ ಘಟ್ಟವನ್ನು ಇಳಿಯಬೇಕು. ಇಳಿಜಾರಿನಲ್ಲಿ ನಿರಂತರವಾಗಿ ಬ್ರೇಕ್ ಒತ್ತಿದಾಗ ಹುಟ್ಟುವ ಶಾಖವು ದ್ರವವನ್ನು ತಲುಪುತ್ತದೆ. ಡಾಟ್ 3 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್, ಡಾಟ್ 4 ದರ್ಜೆಯದು ಕನಿಷ್ಠ 230 ಡಿಗ್ರಿ ಇರಬೇಕೆಂಬ ನಿಯಮವಿದೆ. ಗಾಳಿಯ ತೇವಾಂಶವನ್ನು ಹೀರಿಕೊಂಡ ದ್ರವಕ್ಕೆ ಈ ಮಿತಿಗಳು ಕ್ರಮವಾಗಿ 140 ಹಾಗೂ 155 ಡಿಗ್ರಿ. ದ್ರವ ಕುದಿದು ಆವಿಯಾದರೆ ಆವಿಯೂ ಗಾಳಿಯಂತೆಯೇ ಕುಗ್ಗುತ್ತದೆ, ಸಮತಟ್ಟಿನಲ್ಲಿ ಗಟ್ಟಿಯಾಗಿದ್ದ ಪೆಡಲು ಘಟ್ಟದ ನಡುವೆ ಮೆತ್ತಗಾಗುತ್ತದೆ. ಆದುದರಿಂದ ದ್ರವವನ್ನು ನಿಗದಿತ ಅವಧಿಗೆ ಬದಲಿಸುವುದು ಮತ್ತು ಇಳಿಜಾರಿನಲ್ಲಿ ಕೆಳಗಿನ ಗೇರ್ ಬಳಸುವುದು ಅಗತ್ಯ.

ಕೊಡುಗೆಯ ಮಹತ್ವ

ಮಾಲ್ಕಮ್ ಅವರ ನಂತರ ಬ್ರೇಕ್ ವ್ಯವಸ್ಥೆ ಹಲವು ಬದಲಾವಣೆಗಳನ್ನು ಕಂಡಿತು. ಡ್ರಮ್ಮಿನ ಸ್ಥಾನದಲ್ಲಿ ಡಿಸ್ಕ್ ಬಂದಿತು. ಒಂದು ಮಾರ್ಗ ಸೋರಿದರೂ ಮತ್ತೊಂದು ಕೆಲಸ ಮಾಡುವಂತೆ ಎರಡು ಪ್ರತ್ಯೇಕ ದ್ರವಮಾರ್ಗಗಳು 1960ರ ದಶಕದ ಅಂತ್ಯದ ವೇಳೆಗೆ ಅಮೆರಿಕದಲ್ಲಿ ಕಡ್ಡಾಯವಾದವು. ಚಕ್ರ ಜಾರದಂತೆ ತಡೆಯುವ ಎಬಿಎಸ್ ಸೇರಿಕೊಂಡಿತು. ಈ ಎಲ್ಲ ಸುಧಾರಣೆಗಳೂ ಮುಚ್ಚಿದ ಕೊಳವೆಯಲ್ಲಿ ಕುಗ್ಗದ ದ್ರವ ಎಂಬ ಅವರ ಮೂಲ ಕಲ್ಪನೆಯನ್ನು ಉಳಿಸಿಕೊಂಡಿವೆ. ಚರ್ಮದ ಸೀಲಿಗೆ ಬದಲಾಗಿ ಬಂದ ರಬ್ಬರ್ ಬಟ್ಟಲು ಇಂದಿಗೂ ಮುಖ್ಯ ಸಿಲಿಂಡರುಗಳಲ್ಲಿ ಬಳಕೆಯಲ್ಲಿದೆ.